ಮನೆಯ ವಜ್ರವನ್ನು ಉಂಗುರಕ್ಕೆ ಕೂರಿಸಲು ಕೊಡುವ ಮುನ್ನ

ಅಜ್ಜಿಯ ಒಂಟಿಕಲ್ಲಿನ ಮೂಗುಬೊಟ್ಟಿನ ವಜ್ರವನ್ನು ತೆಗೆಸಿ ತಂಗಿಯ ಮದುವೆಗೆ ಉಂಗುರ ಮಾಡಿಸಿದಾಗ ಅಂಗಡಿಯವರು ನಮಗೆ ಕೊಟ್ಟ ಚೀಟಿಯಲ್ಲಿ ‘ವಜ್ರ 1, ಉಂಗುರಕ್ಕೆ’ ಎಂದಷ್ಟೇ ಬರೆದಿತ್ತು. ಮೂರು ವಾರಗಳ ನಂತರ ಉಂಗುರ ಕೈಗೆ ಬಂದಾಗ ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಇದು ನಮ್ಮ ಕಲ್ಲಿನಂತೆ ಕಾಣುತ್ತಿಲ್ಲ ಎಂದರು. ಅದೇ ಕಲ್ಲು ಎಂದು ಅಂಗಡಿಯವರು ಹೇಳಿದರು. ಯಾರ ಮಾತು ಸರಿ ಎಂದು ತೀರ್ಮಾನಿಸಲು ಒಂದು ಅಂಕಿಯಾಗಲಿ, ಒಂದು ಚಿತ್ರವಾಗಲಿ ನಮ್ಮಲ್ಲಿರಲಿಲ್ಲ. ನಾಲ್ಕು ವರ್ಷಗಳ ಬಳಿಕ, ಕಲ್ಲನ್ನು ಹಿಡಿದಿಡುವ ಚಿನ್ನದ ಕೊಕ್ಕೆಗಳಲ್ಲಿ ಸವೆದುಹೋದ ಒಂದು ಕೊಕ್ಕೆಯನ್ನು ಸರಿಪಡಿಸಲು ಬೇರೊಬ್ಬ ಅಕ್ಕಸಾಲಿಗರು ಕಲ್ಲನ್ನು ಹೊರತೆಗೆದಾಗ, ಅಲ್ಲಿಯವರೆಗೆ ಕೊಕ್ಕೆಯ ಅಡಿಯಲ್ಲಿ ಮರೆಯಾಗಿದ್ದ ಕಪ್ಪು ಚುಕ್ಕೆಯೊಂದು ಕಂಡಿತು. ಅಜ್ಜಿ ಆ ಚುಕ್ಕೆಯನ್ನು ತೋರಿಸುತ್ತಿದ್ದುದು ಅಮ್ಮನಿಗೆ ಆಗ ನೆನಪಾಯಿತು. ಕಲ್ಲು ನಮ್ಮದೇ ಆಗಿತ್ತು. ತಪ್ಪು ಮಾಡದ ಕೆಲಸಗಾರರೊಬ್ಬರನ್ನು ಅಷ್ಟು ಕಾಲ ಅನುಮಾನದಿಂದ ಕಂಡ ನೋವು ನನ್ನಲ್ಲಿ ಇನ್ನೂ ಉಳಿದಿದೆ.

ವಜ್ರವನ್ನು ಪರರ ಕೈಗೆ ಕೊಡುವಾಗ ಆತಂಕವಾಗುವುದು ಸಹಜ, ಅದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ. ಆ ಆತಂಕವನ್ನು ಉಂಗುರ ಬಂದ ಮೇಲೆ ವ್ಯಕ್ತಪಡಿಸುವುದಕ್ಕಿಂತ, ಕಲ್ಲು ಕೊಡುವ ದಿನವೇ ಅಳತೆ, ತೂಕ ಮತ್ತು ಪ್ರಶ್ನೆಗಳ ರೂಪದಲ್ಲಿ ಕಾಗದದ ಮೇಲೆ ಇಳಿಸಬೇಕು. ಹಾಗೆ ಮಾಡಿದರೆ ನಮಗೂ ರಕ್ಷಣೆ ಸಿಗುತ್ತದೆ, ಕೆಲಸಗಾರರ ಹೆಸರೂ ಉಳಿಯುತ್ತದೆ.

ಮೊದಲು ನಿಮ್ಮ ಕಲ್ಲನ್ನು ನೀವು ಗುರುತಿಸಬೇಕು

ಕಲ್ಲು ಹಳೆಯ ಒಡವೆಯಲ್ಲಿದ್ದರೆ ಅದನ್ನು ನಿಮ್ಮೆದುರಿಗೇ ಬಿಡಿಸಲು ಕೇಳಿರಿ. ಹಳೆಯ ಒಡವೆಗಳಲ್ಲಿ ಕಲ್ಲಿನ ಹಿಂಬದಿಯನ್ನು ಚಿನ್ನದಿಂದ ಮುಚ್ಚಿ, ಒಳಗೆ ಹೊಳಪಿನ ತೆಳು ತಗಡನ್ನು ಇಟ್ಟಿರುವುದುಂಟು. ಕೆಲವುದರಲ್ಲಿ ಅರಗೂ ಇರುತ್ತದೆ. ತಗಡಿನ ಹೊಳಪಿನಿಂದ ಬೆಳಗುತ್ತಿದ್ದ ಕಲ್ಲು, ಹಿಂಬದಿ ತೆರೆದಿರುವ ಹೊಸ ಉಂಗುರದಲ್ಲಿ ಬೇರೆಯದೇ ಬಣ್ಣ ಮತ್ತು ಹೊಳಪಿನಲ್ಲಿ ಕಾಣಬಹುದು. ಹಳದಿ ಚಿನ್ನದಿಂದ ಬಿಳಿ ಚಿನ್ನಕ್ಕೆ ಹೋದಾಗ ಕಲ್ಲಿನಲ್ಲಿರುವ ನಸುಹಳದಿ ಎದ್ದು ಕಾಣುವುದೂ, ಕೊಕ್ಕೆಗಳು ಅಂಚನ್ನು ಮುಚ್ಚುವುದರಿಂದ ಕಲ್ಲು ಚಿಕ್ಕದಾದಂತೆ ತೋರುವುದೂ ಇದೆ. ಕಲ್ಲು ಬದಲಾಗಿದೆ ಎಂಬ ಅನುಮಾನಗಳಲ್ಲಿ ಬಹಳಷ್ಟು ಇಲ್ಲಿಂದಲೇ ಹುಟ್ಟುತ್ತವೆ ಎಂದು ನಾನು ನಂಬಿದ್ದೇನೆ. ಆದ್ದರಿಂದ ಕಣ್ಣಿನ ನೆನಪನ್ನು ನೆಚ್ಚಿಕೊಳ್ಳುವುದು ಸಾಲದು.

ಬಿಡಿಯಾದ ಕಲ್ಲನ್ನು ಶುಚಿಗೊಳಿಸಿ ತೂಗಿಸಬೇಕು. ಒಂದು ಕ್ಯಾರಟ್ ಎಂದರೆ 200 ಮಿಲಿಗ್ರಾಂ, ಅದರ ನೂರನೆಯ ಒಂದು ಭಾಗ ಒಂದು ಸೆಂಟ್. ವಜ್ರ ತೂಗುವ ತಕ್ಕಡಿ ಕ್ಯಾರಟ್‌ನ ಸಾವಿರದ ಒಂದು ಭಾಗದವರೆಗೂ ತೋರಿಸಬಲ್ಲದು. ಹೀಗಾಗಿ ‘ಸುಮಾರು 30 ಸೆಂಟ್’ ಎಂದು ಬರೆಸಿಕೊಳ್ಳದೆ ‘0.312 ಕ್ಯಾರಟ್’ ಎಂಬಂತೆ ಬರೆಸಿಕೊಳ್ಳಬೇಕು. ಅದರ ಜೊತೆಗೆ ಅಗಲ ಮತ್ತು ಎತ್ತರವನ್ನು ಮಿಲಿಮೀಟರ್‌ನಲ್ಲಿ ಅಳೆಸಿರಿ. ಚೆನ್ನಾಗಿ ಕತ್ತರಿಸಿದ ಒಂದು ಕ್ಯಾರಟ್‌ನ ದುಂಡು ವಜ್ರ ಸುಮಾರು 6.5 ಮಿಲಿಮೀಟರ್ ಅಗಲವಿರುತ್ತದೆ. ಅರ್ಧ ಕ್ಯಾರಟ್‌ನದು 5 ಮಿಲಿಮೀಟರ್‌ಗಿಂತ ಸ್ವಲ್ಪವೇ ಹೆಚ್ಚು. ಕಲ್ಲನ್ನು ಕೂರಿಸಿದ ಮೇಲೆ ಅದನ್ನು ಮತ್ತೆ ತೂಗಲು ಬರುವುದಿಲ್ಲವಾದ್ದರಿಂದ, ಅಂಗಡಿಯಲ್ಲಿ ತಾಳೆ ನೋಡುವಾಗ ಸಹಾಯಕ್ಕೆ ಬರುವುದು ಈ ಅಳತೆಯೇ.

ಮುಂದಿನ ಕೆಲಸ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಮಸೂರದ್ದು. ನಮ್ಮ ಹಳೆಯ ರತ್ನಶಾಸ್ತ್ರಗಳು ಬಿಂದು, ರೇಖೆ, ಕಾಕಪದ (ಕಾಗೆಯ ಕಾಲಿನಂಥ ಗುರುತು) ಎಂದು ವಜ್ರದ ದೋಷಗಳನ್ನು ಹೆಸರಿಸಿ ವರ್ಗೀಕರಿಸಿವೆ. ಬೆಲೆ ಕಟ್ಟುವವರಿಗೆ ದೋಷವಾಗಿ ಕಾಣುವ ಅದೇ ಚುಕ್ಕೆ, ಅದೇ ಗೆರೆ ನಿಮ್ಮ ಕಲ್ಲಿಗೆ ಹುಟ್ಟುಮಚ್ಚೆಯಿದ್ದಂತೆ, ಏಕೆಂದರೆ ಇನ್ನೊಂದು ಕಲ್ಲಿನಲ್ಲಿ ಅದೇ ಜಾಗದಲ್ಲಿ ಅದೇ ಆಕಾರದ ಗುರುತು ಸಿಗುವುದಿಲ್ಲ. ಯಾವ ಕಡೆ ಏನಿದೆ ಎಂದು ಒಂದು ವೃತ್ತ ಬರೆದು ಗುರುತಿಸಿಕೊಳ್ಳಿರಿ, ಮೊಬೈಲಿನ ಕ್ಯಾಮೆರಾವನ್ನು ಲೂಪ್‌ಗೆ ಹಿಡಿದು ಮೇಲಿನಿಂದಲೂ ಪಕ್ಕದಿಂದಲೂ ಚಿತ್ರ ತೆಗೆದುಕೊಳ್ಳಿರಿ. ಜಿಐಎ, ಐಜಿಐ ಮುಂತಾದ ರತ್ನ ಪರೀಕ್ಷಿಸುವ ಪ್ರಯೋಗಾಲಯಗಳ ವರದಿ ಇರುವ ಕಲ್ಲಾದರೆ ಅದರ ನಡು ಅಂಚಿನಲ್ಲಿ, ಅಂದರೆ ಗರ್ಡಲ್‌ನಲ್ಲಿ, ವರದಿಯ ಸಂಖ್ಯೆಯನ್ನು ಲೇಸರ್‌ನಿಂದ ಕೆತ್ತಿರಬಹುದು. ಬರಿಗಣ್ಣಿಗೆ ಕಾಣದ ಈ ಕೆತ್ತನೆಯನ್ನು ಅಂಗಡಿಯವರ ಮಸೂರದಲ್ಲಿ ನೀವೇ ಓದಿ, ವರದಿಯ ಸಂಖ್ಯೆಯೊಂದಿಗೆ ಹೋಲಿಸಿ, ಕೊಕ್ಕೆ ಅದರ ಮೇಲೆ ಬಾರದಂತೆ ಕೂರಿಸಬೇಕೆಂದು ಹೇಳಿರಿ.

ಕಲ್ಲಿಗೆ ತಾಗಿಸಿದ ಕೂಡಲೇ ಸದ್ದು ಮಾಡುವ ಪೆನ್ನಿನಂಥ ಉಪಕರಣವನ್ನು ತೋರಿಸಿ ಕೆಲವರು ಸಮಾಧಾನ ಹೇಳುತ್ತಾರೆ. ಅದು ಕಲ್ಲು ಶಾಖವನ್ನು ಎಷ್ಟು ಬೇಗ ಸಾಗಿಸುತ್ತದೆ ಎಂಬುದನ್ನು ಮಾತ್ರ ಅಳೆಯುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ರಚನೆಯಲ್ಲಿ ವಜ್ರವೇ ಆದುದರಿಂದ ಅದಕ್ಕೂ ಉಪಕರಣ ಅದೇ ಸದ್ದು ಮಾಡುತ್ತದೆ, ವಜ್ರದಂತೆ ಕಾಣುವ ಬೇರೆ ಕಲ್ಲಾದ ಮೊಯಿಸನೈಟ್‌ಗೂ ಹಲವು ಬಾರಿ ಮಾಡುತ್ತದೆ. ನೆಲದಿಂದ ತೆಗೆದ ನಿಮ್ಮ ಕಲ್ಲೇ ಮರಳಿತೆಂಬುದಕ್ಕೆ ಆ ಸದ್ದು ಸಾಕ್ಷಿಯಾಗಲಾರದು.

ಕಲ್ಲು ಎಲ್ಲೆಲ್ಲಿ ಹೋಗುತ್ತದೆ, ಯಾರು ಕೂರಿಸುತ್ತಾರೆ

ನಾವು ಮಾತನಾಡುವ ಅಂಗಡಿಯವರು ಬಹುಮಟ್ಟಿಗೆ ಕಲ್ಲು ಕೂರಿಸುವವರಲ್ಲ. ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಯಲ್ಲಿ ಕೊಟ್ಟ ಕಲ್ಲು ನಗರ್ತಪೇಟೆಯ ಓಣಿಯೊಂದರ ಕೆಲಸದ ಮನೆಗೆ ಹೋಗಬಹುದು. ಅಲ್ಲಿಯೂ ಉಂಗುರ ಮಾಡುವವರು ಒಬ್ಬರು, ಹರಳು ಕೂರಿಸುವವರು ಇನ್ನೊಬ್ಬರು, ಪಾಲಿಶ್ ಮಾಡುವವರು ಮತ್ತೊಬ್ಬರು ಇರಬಹುದು. ಇದರಲ್ಲಿ ತಪ್ಪೇನೂ ಇಲ್ಲ, ಹರಳು ಕೂರಿಸುವುದು ಪ್ರತ್ಯೇಕ ಕುಶಲತೆಯೇ. ಆದರೆ ಕೆಲಸ ಅಂಗಡಿಯಲ್ಲೇ ಆಗುತ್ತದೆಯೇ, ಹೊರಗೆ ಹೋದರೆ ಯಾರ ಜವಾಬ್ದಾರಿಯಲ್ಲಿ ಹೋಗುತ್ತದೆ, ಉಂಗುರದ ಚೌಕಟ್ಟು ಸಿದ್ಧವಾಗುವವರೆಗೆ ಕಲ್ಲು ನಿಮ್ಮ ಬಳಿಯೇ ಇರಬಹುದೇ ಎಂದು ಕೇಳಲೇಬೇಕು. ಅಳತೆ ಸಿಕ್ಕರೆ ಚೌಕಟ್ಟನ್ನು ಮೊದಲೇ ಮಾಡಬಹುದಾದ್ದರಿಂದ, ಕಲ್ಲನ್ನು ಕೂರಿಸುವ ದಿನ ಮಾತ್ರ ಒಯ್ದು ಕೊಡುವುದಕ್ಕೆ ಒಪ್ಪುವವರಿದ್ದಾರೆ. ಕೆಲವರು ನಿಮ್ಮೆದುರಿಗೇ ಕೂರಿಸಿಕೊಡುತ್ತಾರೆ. ಅಂಥ ಅವಕಾಶವಿದ್ದರೆ ಅರ್ಧ ದಿನ ರಜೆ ಹಾಕಿಯಾದರೂ ಹೋಗಿ ಕುಳಿತುಕೊಳ್ಳುವುದು ಒಳ್ಳೆಯದು.

ವಜ್ರ ಅತ್ಯಂತ ಗಟ್ಟಿಯಾದದ್ದು, ಅದಕ್ಕೇನಾಗುತ್ತದೆ ಎಂಬ ಮಾತನ್ನು ಒಪ್ಪಬೇಡಿರಿ. ಮೋಸ್ ಮಾಪನದಲ್ಲಿ ಅದರ ಗಡಸುತನ 10 ಎಂಬುದು ಗೀರು ಬೀಳುವುದಕ್ಕೆ ಸಂಬಂಧಿಸಿದ ಮಾತು. ವಜ್ರದ ಹರಳಿನಲ್ಲಿ ಸುಲಭವಾಗಿ ಸೀಳಬಲ್ಲ ನಾಲ್ಕು ದಿಕ್ಕುಗಳಿವೆ, ಆ ದಿಕ್ಕಿನಲ್ಲಿ ಒತ್ತಡ ಬಿದ್ದರೆ ಚೂರು ಏಳುತ್ತದೆ. ಕೂರಿಸುವವರು ಕೊಕ್ಕೆಯೊಳಗೆ ಕಲ್ಲಿಗೆ ತಕ್ಕಂತೆ ಚಿಕ್ಕ ಕಚ್ಚು ಕೊರೆದು, ಕಲ್ಲನ್ನು ಅದರಲ್ಲಿ ಇಟ್ಟು, ಕೊಕ್ಕೆಯ ತುದಿಯನ್ನು ಕಲ್ಲಿನ ಮೇಲೆ ಬಾಗಿಸುತ್ತಾರೆ. ಕಚ್ಚು ಓರೆಯಾಗಿದ್ದರೆ ಬಾಗಿಸುವಾಗಿನ ಬಲವೆಲ್ಲ ಗರ್ಡಲ್‌ನ ಒಂದೇ ಬಿಂದುವಿನ ಮೇಲೆ ಬೀಳುತ್ತದೆ. ತೀರ ತೆಳುವಾದ ಗರ್ಡಲ್, ಚೌಕಾಕಾರದ ಪ್ರಿನ್ಸೆಸ್ ಕಟ್‌ನ ಮೂಲೆಗಳು, ಹನಿಯಾಕಾರದ ಕಲ್ಲಿನ ಚೂಪು ತುದಿ, ಮೇಲ್ಮೈವರೆಗೆ ಬಂದಿರುವ ಬಿರುಕು, ಇವು ಅಪಾಯದ ಜಾಗಗಳು. ಇವುಗಳಲ್ಲಿ ಯಾವುದಾದರೂ ನಿಮ್ಮ ಕಲ್ಲಿನಲ್ಲಿದೆಯೇ, ಇದ್ದರೆ ಅದನ್ನು ಹೇಗೆ ಕಾಪಾಡುತ್ತೀರಿ ಎಂದು ಕೇಳಿದಾಗ ಒಳ್ಳೆಯ ಕೆಲಸಗಾರರು ಮಸೂರ ತೆಗೆದು ನೋಡಿ ಉತ್ತರಿಸುತ್ತಾರೆ. ನೋಡದೆಯೇ ‘ಏನೂ ಆಗಲ್ಲ ಬಿಡಿ’ ಎನ್ನುವವರಲ್ಲಿ ನನಗೆ ಭರವಸೆ ಕಡಿಮೆ.

ಬೆಂಕಿಯ ವಿಷಯದಲ್ಲಿಯೂ ಎಚ್ಚರ ಬೇಕು. ವಜ್ರ ಇಂಗಾಲವಾದುದರಿಂದ ಬೆಸುಗೆಯ ತೀವ್ರ ಶಾಖದಲ್ಲಿ ಗಾಳಿಯೊಂದಿಗೆ ಸೇರಿ ಮೇಲ್ಮೈ ಸುಟ್ಟು ಮಬ್ಬಾಗಬಹುದು. ಇದನ್ನು ತಡೆಯಲೆಂದೇ ಕೆಲಸಗಾರರು ಬೋರಿಕ್ ಆಮ್ಲದ ಲೇಪ ಹಚ್ಚುತ್ತಾರೆ. ಬಿರುಕಿಗೆ ಗಾಜಿನಂಥ ವಸ್ತು ತುಂಬಿಸಿದ ಕಲ್ಲಾದರೆ ಶಾಖದಿಂದ ಆ ತುಂಬಿಕೆಯೇ ಕೆಡುತ್ತದೆ. ಕಲ್ಲು ಕೂರಿಸುವ ಮೊದಲೇ ಬೆಸುಗೆಯ ಕೆಲಸವೆಲ್ಲ ಮುಗಿದಿರಬೇಕು ಮತ್ತು ಬೆರಳಿನ ಅಳತೆ ಖಚಿತವಾಗಿರಬೇಕು, ಏಕೆಂದರೆ ಮುಂದೆ ಅಳತೆ ಬದಲಿಸಲು ಉಂಗುರವನ್ನು ಮತ್ತೆ ಬೆಂಕಿಗೆ ಒಡ್ಡಬೇಕಾಗುತ್ತದೆ, ಕಲ್ಲೂ ಸಡಿಲವಾಗಬಹುದು.

ನಮ್ಮ ಕಡೆ ಒಡವೆಯೆಂದರೆ 22 ಕ್ಯಾರಟ್ ಚಿನ್ನ (ಇಲ್ಲಿ ಕ್ಯಾರಟ್ ಎಂದರೆ ತೂಕವಲ್ಲ, ಚಿನ್ನದ ಶುದ್ಧತೆ) ಎಂಬ ನಂಬಿಕೆ ಗಟ್ಟಿಯಾಗಿದೆ. ದಿನವೂ ತೊಡುವ ವಜ್ರದ ಉಂಗುರಕ್ಕೆ ನಾನು 18 ಕ್ಯಾರಟ್ ಚಿನ್ನವನ್ನೇ ಸೂಚಿಸುತ್ತೇನೆ. 22 ಕ್ಯಾರಟ್ ಚಿನ್ನ ಮೆದುವಾದುದರಿಂದ ತೆಳ್ಳನೆಯ ಕೊಕ್ಕೆಗಳು ಬೇಗ ಸವೆಯುತ್ತವೆ, ಬಾಗುತ್ತವೆ. ನಾಲ್ಕರ ಬದಲು ಆರು ಕೊಕ್ಕೆಗಳಿದ್ದರೆ ಒಂದು ಮುರಿದರೂ ಉಳಿದವು ಕಲ್ಲನ್ನು ಹಿಡಿದಿರುತ್ತವೆ. ಅಡುಗೆ, ತೋಟ, ಪಾತ್ರೆ ಎಂದು ಕೈಗೆ ಬಿಡುವಿಲ್ಲದವರಿಗೆ ಕಲ್ಲಿನ ಸುತ್ತಲೂ ಚಿನ್ನದ ಅಂಚು ಬರುವ ಬೆಜೆಲ್ ಕಟ್ಟು ಇನ್ನೂ ಸುರಕ್ಷಿತ.

ಚೀಟಿಯಲ್ಲಿ ಏನಿರಬೇಕು

1872ರ ಭಾರತೀಯ ಕರಾರು ಅಧಿನಿಯಮ ನಮ್ಮ ಈ ವ್ಯವಹಾರವನ್ನು ನೇರವಾಗಿಯೇ ಕಂಡಿದೆ. ಒಂದು ಕೆಲಸಕ್ಕಾಗಿ ವಸ್ತುವನ್ನು ಒಪ್ಪಿಸಿ, ಕೆಲಸ ಮುಗಿದ ಮೇಲೆ ಮರಳಿ ಪಡೆಯುವುದನ್ನು ಅದು ಬೈಲ್‌ಮೆಂಟ್ ಎನ್ನುತ್ತದೆ. ಅದರ 151ನೆಯ ಕಲಮಿನ ಪ್ರಕಾರ, ವಸ್ತುವನ್ನು ಪಡೆದವರು ಸಾಮಾನ್ಯ ವಿವೇಕವುಳ್ಳವರು ತಮ್ಮ ಸ್ವಂತ ವಸ್ತುವನ್ನು ಜೋಪಾನ ಮಾಡುವಷ್ಟು ಜೋಪಾನ ಮಾಡಬೇಕು. ಆದರೆ ಮುಂದಿನ 152ನೆಯ ಕಲಮನ್ನೂ ಓದಬೇಕು: ಅಷ್ಟು ಜೋಪಾನ ಮಾಡಿದ ಮೇಲೂ ವಸ್ತು ಕಳೆದುಹೋದರೆ ಅಥವಾ ಕೆಟ್ಟರೆ, ವಿಶೇಷ ಕರಾರು ಇಲ್ಲದಿದ್ದಲ್ಲಿ ಅವರು ಹೊಣೆಯಾಗುವುದಿಲ್ಲ. ಚೀಟಿಯ ಬರಹ ಮುಖ್ಯವಾಗುವುದು ಇದೇ ಕಾರಣಕ್ಕೆ. 170ನೆಯ ಕಲಮು ಕೊಡುವ ಉದಾಹರಣೆಯಲ್ಲಿ ಇರುವುದೂ ವಜ್ರವೇ. ಒರಟು ವಜ್ರವನ್ನು ಕತ್ತರಿಸಿ ಹೊಳಪು ಕೊಡಲು ಪಡೆದ ಆಭರಣಕಾರರು ಕೆಲಸ ಮುಗಿಸಿದ ಮೇಲೆ ಮಜೂರಿ ಸಲ್ಲುವವರೆಗೆ ಕಲ್ಲನ್ನು ಇಟ್ಟುಕೊಳ್ಳಬಹುದು ಎಂದು ಅದು ಹೇಳುತ್ತದೆ. ಆದುದರಿಂದ ಮಜೂರಿ ಎಷ್ಟೆಂಬುದನ್ನೂ ಮೊದಲೇ ಬರೆಸಿಕೊಂಡರೆ ಕೊನೆಯಲ್ಲಿ ಕಲ್ಲು ಚೌಕಾಸಿಯ ನಡುವೆ ಸಿಕ್ಕಿಕೊಳ್ಳುವುದಿಲ್ಲ.

ಅಂಗಡಿಯ ಹೆಸರು ಮುದ್ರಿತವಾಗಿರುವ, ಸಹಿ ಮತ್ತು ದಿನಾಂಕ ಇರುವ ಚೀಟಿಯಲ್ಲಿ ಕಲ್ಲಿನ ತೂಕ, ಅಳತೆ, ಆಕಾರ, ವರದಿಯ ಸಂಖ್ಯೆ, ಮಸೂರದಲ್ಲಿ ಕಂಡ ಗುರುತುಗಳು, ಈಗಾಗಲೇ ಇರುವ ಚಕ್ಕೆ ಅಥವಾ ಬಿರುಕು, ಇಬ್ಬರೂ ಒಪ್ಪಿದ ಅಂದಾಜು ಬೆಲೆ, ಹಿಂದಿರುಗಿಸುವ ದಿನ ಇವೆಲ್ಲ ಇರಲಿ. ಕೂರಿಸುವಾಗ ಕಲ್ಲು ಒಡೆದರೆ ಅಥವಾ ಕಳೆದರೆ ಏನು ಕೊಡುತ್ತೀರಿ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಒಂದು ಸಾಲಿನಲ್ಲಾದರೂ ಬರೆಸಿರಿ. ಗ್ರಾಹಕರು ತಂದ ಕಲ್ಲಿಗೆ ಹೊಣೆ ಹೊರುವುದಿಲ್ಲ ಎನ್ನುವವರೂ ಇದ್ದಾರೆ. ಅದನ್ನು ಮುಂಚೆಯೇ ಹೇಳಿದರೆ ಅವರು ನಿಮಗೆ ಉಪಕಾರವನ್ನೇ ಮಾಡಿದಂತೆ, ನೀವು ಬೇರೆ ಕಡೆ ಹೋಗಬಹುದು. ಆಭರಣ ವ್ಯಾಪಾರಿಗಳು ಮಾಡಿಸುವ ಜ್ಯುವೆಲರ್ಸ್ ಬ್ಲಾಕ್ ಎಂಬ ವಿಮೆಯಿದ್ದರೆ, ಗ್ರಾಹಕರ ವಸ್ತುವಿಗೂ ಹೊರಗಿನ ಕೆಲಸದ ಮನೆಗೂ ಅದು ಅನ್ವಯಿಸುತ್ತದೆಯೇ ಎಂದು ವಿಚಾರಿಸಿರಿ. ಹಳೆಯ ಒಡವೆಯಿಂದ ಬಿಡಿಸಿದ ಚಿನ್ನದ ತೂಕವೂ ಅದೇ ಚೀಟಿಯಲ್ಲಿ ಬರಲಿ.

ಉಂಗುರ ಕೈಗೆ ಬಂದ ದಿನ

ಉಂಗುರವನ್ನು ಬೆರಳಿಗೆ ಹಾಕಿ ಸಂತೋಷಪಡುವ ಮೊದಲು ಹತ್ತು ನಿಮಿಷ ಮಸೂರದ ಮುಂದೆ ಕುಳಿತುಕೊಳ್ಳಿರಿ. ಚುಕ್ಕೆ, ಗೆರೆ, ಕೆತ್ತಿದ ಸಂಖ್ಯೆ, ಅಗಲ ಇವೆಲ್ಲವನ್ನೂ ಚೀಟಿಯೊಂದಿಗೆ ತಾಳೆ ನೋಡಿರಿ. ಗುರುತೊಂದು ಕೊಕ್ಕೆಯ ಅಡಿಗೆ ಹೋಗಿದ್ದರೆ, ಅಂದವಾಗಿ ಕಾಣಲೆಂದು ಹಾಗೆ ಮಾಡುವುದು ವಾಡಿಕೆಯೇ ಆದರೂ, ಯಾವ ಕೊಕ್ಕೆ ಎಂದು ಕೇಳಿ ಬರೆದಿಟ್ಟುಕೊಳ್ಳಿರಿ. ನಮ್ಮ ಮನೆಯಲ್ಲಿ ನಾಲ್ಕು ವರ್ಷ ಕಾಡಿದ್ದು ಬರೆದಿಡದ ಆ ಒಂದು ಸಾಲೇ.

ಆಮೇಲೆ ಕೂರಿಸಿದ ಕೆಲಸವನ್ನು ಪರೀಕ್ಷಿಸಬೇಕು. ಪ್ರತಿಯೊಂದು ಕೊಕ್ಕೆಯೂ ಕಲ್ಲಿಗೆ ತಾಗಿರಬೇಕು, ನಡುವೆ ಬೆಳಕು ನುಸುಳಬಾರದು. ಕಲ್ಲಿನ ಮೇಲ್ಭಾಗ ಓರೆಯಾಗಿರಬಾರದು. ರೇಷ್ಮೆ ಬಟ್ಟೆಯ ಮೇಲೆ ಉಂಗುರವನ್ನು ಮೆಲ್ಲಗೆ ಎಳೆದರೆ ದಾರ ಸಿಕ್ಕಿಕೊಳ್ಳಬಾರದು. ಕಿವಿಯ ಬಳಿ ಹಿಡಿದು ಬೆರಳಿನಿಂದ ತಟ್ಟಿದಾಗ ಸಣ್ಣ ಸದ್ದು ಬಂದರೆ ಕಲ್ಲು ಅಲುಗಾಡುತ್ತಿದೆ ಎಂದರ್ಥ. ಕೊಕ್ಕೆಗಳ ಪಕ್ಕದ ಅಂಚನ್ನು ಮರೆಯದೆ ನೋಡಿರಿ, ಹೊಸ ಚಕ್ಕೆ ಎದ್ದಿದ್ದರೆ ಅಲ್ಲಿಯೇ ಎದ್ದಿರುವ ಸಾಧ್ಯತೆ ಹೆಚ್ಚು.

ಚಿನ್ನದ ಮೇಲಿನ ಹಾಲ್‌ಮಾರ್ಕ್‌ನಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಚಿಹ್ನೆ, 18 ಕ್ಯಾರಟ್‌ಗೆ 750 ಎಂಬ ಶುದ್ಧತೆಯ ಗುರುತು ಮತ್ತು ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಸಂಕೇತ ಇರುತ್ತವೆ. ಸಂಕೇತವನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರಿಶೀಲಿಸಬಹುದು. ಎರಡು ಗ್ರಾಂಗಿಂತ ಕಡಿಮೆ ತೂಕದ ಆಭರಣಕ್ಕೆ ಇದು ಕಡ್ಡಾಯವಲ್ಲ. ಹಾಲ್‌ಮಾರ್ಕ್ ಚಿನ್ನದ ಶುದ್ಧತೆಯನ್ನು ಮಾತ್ರ ಹೇಳುತ್ತದೆಯೇ ಹೊರತು ಕಲ್ಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಬಿಲ್ಲಿನಲ್ಲಿ ಕಲ್ಲಿನ ತೂಕ ಕಳೆದ ಚಿನ್ನದ ನಿವ್ವಳ ತೂಕ ಬೇರೆಯಾಗಿ ಇರಬೇಕು.

ತಾಳೆಯಾಗದ್ದು ಏನಾದರೂ ಕಂಡರೆ ಉಂಗುರವನ್ನು ಸ್ವೀಕರಿಸಿದ್ದಾಗಿ ಸಹಿ ಹಾಕುವ ಮುನ್ನವೇ ಹೇಳಿರಿ, ಹೇಳಿದ್ದನ್ನು ಬರಹದಲ್ಲಿ ಕೊಡಿರಿ ಮತ್ತು ಇಬ್ಬರಿಗೂ ಸಂಬಂಧವಿಲ್ಲದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಲು ಒಪ್ಪಿಸಿರಿ. ಮಾತುಕತೆಯಲ್ಲಿ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ ಪ್ರಕಾರ ಜಿಲ್ಲಾ ಆಯೋಗಕ್ಕೆ ದೂರು ಕೊಡಲು ಎರಡು ವರ್ಷಗಳ ಅವಧಿಯಿದೆ.

ಎಲ್ಲವೂ ಸರಿಯಿದ್ದರೆ ಉಂಗುರ ತೊಟ್ಟ ಒಂದು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕೊಕ್ಕೆಗಳನ್ನು ತೋರಿಸಿಕೊಂಡು ಬನ್ನಿರಿ. ಪ್ರತಿ ಸಲವೂ ಉಂಗುರದ ಜೊತೆ ಆ ಚೀಟಿಯನ್ನೂ ಒಯ್ಯಿರಿ.