ಸೆನೆಕಾನ ‘ಮೀಡಿಯಾ’ ಓದುವಾಗ ಪೆನ್ಸಿಲ್ ಗುರುತು ಎಲ್ಲಿ ಹಾಕಬೇಕು?

ಮೊದಲೇ ಹೇಳಿಬಿಡುತ್ತೇನೆ, ಇದು ಟಿವಿಯವರ ಮೀಡಿಯಾ ಅಲ್ಲ. ಗಂಡ ಜೇಸನ್ ಇನ್ನೊಂದು ಮದುವೆಗೆ ಹೊರಟ ಅಂತ ತನ್ನ ಇಬ್ಬರು ಮಕ್ಕಳನ್ನೇ ಕೊಲ್ಲುವ ಮೀಡಿಯಾ. ಗ್ರೀಕರ ಯೂರಿಪಿಡೀಸ್ ಕ್ರಿ.ಪೂ. 431ರಲ್ಲಿ ನಾಟಕವಾಗಿ ಆಡಿಸಿದ ಕಥೆ. ಸುಮಾರು ಐನೂರು ವರ್ಷ ಕಳೆದ ಮೇಲೆ ರೋಮಿನ ಸೆನೆಕಾ ಅದೇ ಕಥೆಯನ್ನು ಲ್ಯಾಟಿನ್‌ನಲ್ಲಿ ತನ್ನದೇ ನಾಟಕವಾಗಿ ಬರೆದ.

ನಮ್ಮ ಹವ್ಯಾಸಿ ತಂಡದಲ್ಲಿ ನಾನೇ ಮೀಡಿಯಾ. ಮೊದಲ ಸಾಲಿನಿಂದಲೇ ಕಿರುಚಿದೆ. ಮೂರನೇ ದಿನದ ತಾಲೀಮಿಗೆ ಗಂಟಲು ಕಟ್ಟಿತು. ಬಾಯಿ ಮುಚ್ಚಿ ಕೂತ ಆ ವಾರ ಸೆನೆಕಾ ಸಿಟ್ಟಿನ ಬಗ್ಗೆ ಬರೆದ ಮೂರು ಭಾಗದ ಪುಸ್ತಕ ಓದಿದೆ. ಆಮೇಲೆ ಸ್ಕ್ರಿಪ್ಟೇ ಬೇರೆ ಥರ ಕಾಣಿಸಿತು.

ನೀವೂ ಅಲ್ಲಿಂದಲೇ ಶುರು ಮಾಡಿ. ಪೂರ್ತಿ ಬೇಡ. ಎರಡನೇ ಭಾಗದ ಮೊದಲ ಕೆಲವು ಪುಟ ಸಾಕು. ಸೆನೆಕಾ ಸ್ಟೋಯಿಕ್ ಪಂಥದವನು, ಅಂದರೆ ವಿವೇಕದಂತೆ ಬದುಕಬೇಕು ಅನ್ನುವ ತತ್ವಜ್ಞಾನಿಗಳ ಗುಂಪಿನವನು. ಅವನ ಪ್ರಕಾರ ಸಿಟ್ಟಿಗೆ ಮೂರು ಹಂತ. ಮೊದಲನೆಯದು ಸುಮ್ನೆ ಒಂದು ಬೆಚ್ಚು. ಮೈಮೇಲೆ ತಣ್ಣೀರು ಬಿದ್ದಾಗ ನಡುಗುತ್ತೇವಲ್ಲ, ಹಾಗೆ. ಎರಡನೆಯದರಲ್ಲಿ ‘ನನಗೆ ಅನ್ಯಾಯವಾಗಿದೆ, ಸೇಡು ಬೇಕು’ ಅನ್ನುವ ಯೋಚನೆಗೆ ಮನಸ್ಸು ಹೂಂ ಅನ್ನುತ್ತದೆ. ಮೂರನೆಯದರಲ್ಲಿ ಎಲ್ಲ ಕೈಮೀರಿರುತ್ತದೆ. ಹೂಂ ಅನ್ನುವ ತನಕ ಅದು ಸಿಟ್ಟೇ ಅಲ್ಲ ಅನ್ನುತ್ತಾನೆ ಇವನು.

ಈಗ ನಾಟಕ ತೆಗೆಯಿರಿ. ಪೆನ್ಸಿಲ್ ಹಿಡಿದು ಆ ಹೂಂ ಎಲ್ಲಿದೆ ಅಂತ ಹುಡುಕಿ.

ಆರಂಭದ ಕೂಗಾಟದಲ್ಲಿ ಸಿಗುವುದಿಲ್ಲ. ದಾರಿಯಲ್ಲಿ ಒಂದೆರಡು ಕಡೆ ನಿಲ್ಲಿ. 171ನೇ ಸಾಲಲ್ಲಿ ದಾದಿ ‘ಮೀಡಿಯಾ’ ಅಂತ ಕರೆಯುತ್ತಾಳೆ. ಇವಳ ಉತ್ತರ: ‘ಆಗುತ್ತೇನೆ.’ ಆಮೇಲೆ ಅದೇ ದಾದಿ ಇವಳ ಕೆಂಪೇರಿದ ಮುಖ, ಏದುಸಿರು, ನಿಲ್ಲದ ಓಡಾಟ ಎಲ್ಲ ವರ್ಣಿಸುತ್ತಾಳೆ. ಅದನ್ನು ಸಿಟ್ಟಿನ ಪುಸ್ತಕದ ಮೊದಲ ಪುಟದ ಪಕ್ಕದಲ್ಲಿಟ್ಟು ನೋಡಿ, ಅದೇ ಮುಖ! 910ರಲ್ಲಿ ‘ಈಗ ನಾನು ಮೀಡಿಯಾ’ ಅನ್ನುತ್ತಾಳೆ. ಹೂಂ ಸಿಕ್ಕಿತು ಅಂದುಕೊಂಡರೆ ಮೋಸ ಹೋದಿರಿ. ಸ್ವಲ್ಪ ಹೊತ್ತಿಗೇ ಎದೆ ನಡುಗುತ್ತದೆ. ಸಿಟ್ಟು ಇಳಿದು ತಾಯಿ ವಾಪಸು ಬರುತ್ತಾಳೆ. ಮತ್ತೆ ಸಿಟ್ಟು, ಮತ್ತೆ ತಾಯಿ.

953ರಲ್ಲಿ ಗುರುತು ಹಾಕಿ. ‘ಸಿಟ್ಟೇ, ನೀನು ಕರೆದತ್ತ ಬರುತ್ತೇನೆ.’ ಇದೇ ಆ ಹೂಂ. ಯಾರೂ ತಳ್ಳಲಿಲ್ಲ, ಅವಳೇ ಕಾಲು ಇಟ್ಟಳು. ಈ ಸಾಲನ್ನು ನಾನು ಆಮೇಲೆ ಮೆಲ್ಲಗೆ, ಹೆಚ್ಚುಕಡಿಮೆ ಪಿಸುಗುಟ್ಟಿದ ಹಾಗೆ ಹೇಳಿದೆ. ಗಂಟಲೂ ಉಳಿಯಿತು.

ಒಂದು ಎಚ್ಚರಿಕೆ. ಸೆನೆಕಾ ಚಕ್ರವರ್ತಿ ನೀರೋನ ಗುರು, ಕ್ರಿ.ಶ. 65ರಲ್ಲಿ ಅವನ ಆಜ್ಞೆಯಿಂದಲೇ ಸತ್ತ. ಹಾಗಂತ ಪ್ರತಿ ಸಾಲಲ್ಲೂ ನೀರೋನನ್ನು ಹುಡುಕುತ್ತಾ ಕೂರಬೇಡಿ. ನಾಟಕವನ್ನು ನೀತಿಪಾಠ ಅಂತಲೂ ಓದಬೇಡಿ. ‘ಸಿಟ್ಟು ಅದುಮಿಕೋ’ ಅನ್ನುವ ಬುದ್ಧಿಮಾತೆಲ್ಲ ದಾದಿ ಹೇಳುತ್ತಾಳೆ, ಯಾರೂ ಕೇಳುವುದಿಲ್ಲ. ಕೊನೆಯಲ್ಲಿ ಮೀಡಿಯಾ ಆಕಾಶಕ್ಕೆ ಹಾರಿ ಹೋಗುತ್ತಾಳೆ. ಕೆಳಗೆ ನಿಂತ ಜೇಸನ್ ಕೂಗುತ್ತಾನೆ: ‘ಹೋಗು, ನೀನು ಹೋಗುವಲ್ಲೆಲ್ಲ ದೇವರಿಲ್ಲ ಅಂತ ಸಾಕ್ಷಿ ಹೇಳು.’ ಜಗತ್ತನ್ನು ದೇವರ ವಿವೇಕವೇ ನಡೆಸುತ್ತದೆ ಅಂತ ನಂಬಿದ ಪಂಥದವನು ಬರೆದ ಕೊನೆ ಸಾಲು ಇದು! ನಮ್ಮ ಜೇಸನ್ ಕೇಳಿದ, ‘ಅಕ್ಕಾ, ಇದನ್ನ ಬೈಯುತ್ತಾ ಹೇಳಲಾ, ಅಳುತ್ತಾ ಹೇಳಲಾ?’ ಮೊದಲ ದಿನದ ಪ್ರದರ್ಶನದಲ್ಲಿ ಬೈದ. ಎರಡನೇ ದಿನ ಅತ್ತ.