ಕಾರವಾರದಾಗ ಬೋಟ್ ಹತ್ತೋರಿಗೆ ಒಂದ್ ಮಾತು ರೀ

ಹುಬ್ಬಳ್ಳಿಯಿಂದ ದೋಸ್ತರೆಲ್ಲಾ ಕೂಡಿ ಕಾರವಾರಕ್ಕ ಹೋಗಿ ದಿನಾಪೂರ್ತಿ ಬೋಟ್‌ನ್ಯಾಗ ಅಡ್ಡಾಡೂ ಪ್ಲ್ಯಾನ್ ಇದ್ರ ಹಿಂದಿನ ರಾತ್ರಿನೇ ಹೋಗಿ ಅಲ್ಲೇ ವಸ್ತಿ ಮಾಡ್ರಿ. ನಾವು ಶಾಣ್ಯಾರು, ಮುಂಜಾನೆ ಬಿಟ್ಟು ಯಲ್ಲಾಪುರದಾಗ ಬಿಸಿ ಮಿರ್ಚಿ ಹೊಡದು ಅರಬೈಲ್ ಘಾಟ್ ಇಳ್ಯೂದ್ರಾಗ ಇಬ್ಬರ ಹೊಟ್ಟಿ ತೊಳಸಾಕತ್ತಿತ್ತು, ಬೋಟ್ ಹತ್ತೂದ್ರಾಗ ಹನ್ನೆರಡು ದಾಟಿತ್ತು.

ಮಧ್ಯಾಹ್ನ ಆತಂದ್ರ ನೆಲ ಲಗೂ ಕಾಯ್ತೈತಿ, ನೀರು ಅಷ್ಟ್ ಕಾಯೂದಿಲ್ಲ, ಅದಕ್ಕ ಸಮುದ್ರದ ಕಡೆಯಿಂದ ಗಾಳಿ ಜೋರಾಗಿ ತೆರಿ ಏಳ್ತಾವ. ಕೂರ್ಮಗಡ ನಡುಗಡ್ಡಿ ಕಡೆ ತಿರುಗಿದ್ದ ತಡ, ಮುಂದ ಬೋಟಿನ ಮೂತಿಮ್ಯಾಲೆ ಸೆಲ್ಫಿಗೆ ಕುಂತಾಂವ ಪುಟಿದೆದ್ದು ಸೊಂಟ ಹಿಡ್ಕೊಂಡ, ಮಿರ್ಚಿ ತಿಂದಾಂವ ಮಾತ್ರ ಬೋಟಿನ ಅಂಚು ಹಿಡದು ಸಮುದ್ರಕ್ಕ ನೈವೇದ್ಯ ಕೊಟ್ಟ!

ಅದಕ್ಕ ಮುಂಜಾನೆ ಏಳು-ಎಂಟಕ್ಕೇ ಹೊಂಡ್ರಿ, ಡಾಲ್ಫಿನ್ ಕಂಡ್ರೂ ಕಾಣಬಹುದು. ಎರಡ್ ಇಡ್ಲಿ ಸಾಕು, ಎಣ್ಣಿದ್ದು ಬ್ಯಾಡ. ಹೊಟ್ಟಿ ತೊಳಸೋರು ಬೋಟಿನ ಹಿಂದಿನ ಭಾಗದಾಗ ನಡುವ ಕುಂಡ್ರಿ, ಅಲ್ಲಿ ಕುಲುಕಾಟ ಕಡಿಮಿ, ಮೊಬೈಲ್ ನೋಡಬ್ಯಾಡ್ರಿ ದೂರದ ಗುಡ್ಡಾ ನೋಡ್ರಿ. ಲೈಫ್ ಜಾಕೆಟ್ ಹಾಕ್ಕೊಂಡ್ರ ಸಾಲೂದಿಲ್ಲ, ಬಕಲ್ ಹಾಕಿ ಬೆಲ್ಟ್ ಬಿಗೀರಿ, ಮಂದಿಗಿಂತ ಜಾಕೆಟ್ ಕಡಿಮಿ ಇದ್ರ ಆ ಬೋಟೇ ಬ್ಯಾಡ. ಮಳಿಗಾಲದಾಗಂತೂ ವಿಚಾರಾನೇ ಮಾಡಬ್ಯಾಡ್ರಿ.