ಸಂಕ್ರಾಂತಿ ರಜೆಗೆ ಗೆಳತಿಯರ ಜೊತೆ ಹೈದರಾಬಾದ್: ನಾವು ಹೋಗಿ ಬಂದ ರೀತಿ

ರಜೆಯಲ್ಲಿ ಹೈದರಾಬಾದ್‌ಗೆ ಹೋಗುವುದಾದರೆ ಯಾವಾಗ ಹೋಗಬೇಕು ಅಂತ ಕೇಳಿದವರಿಗೆಲ್ಲ ನಾನು ಸಂಕ್ರಾಂತಿ ಅಂತಲೇ ಹೇಳುತ್ತೇನೆ. ಆ ಹಬ್ಬಕ್ಕೆ ಹೈದರಾಬಾದ್‌ನಲ್ಲಿರುವ ಆಂಧ್ರದ ಕಡೆಯವರೆಲ್ಲ ತಮ್ಮ ತಮ್ಮ ಊರು ಸೇರುತ್ತಾರೆ. ವಿಜಯವಾಡದ ದಾರಿಯಲ್ಲಿ ಟೋಲ್ ಹತ್ತಿರ ಕಾರುಗಳ ಸಾಲು ಪ್ರತಿ ವರ್ಷ ಟಿವಿಯಲ್ಲಿ ತೋರಿಸುತ್ತಾರೆ, ಅಲ್ವಾ? ನಮ್ಮ ರಾಯಚೂರಿನ ದಾರಿಯೇ ಬೇರೆ. ಶಕ್ತಿನಗರದ ಹತ್ತಿರ ಕೃಷ್ಣೆ ದಾಟಿದರೆ ಮಕ್ತಲ್, ಮಹಬೂಬ್‌ನಗರ, ಜಡಚರ್ಲ, ಆಮೇಲೆ ಬೆಂಗಳೂರು ಹೆದ್ದಾರಿ. ಊರಿನ ಜನ ಹೊರಗೆ ಹೋಗಿರುವಾಗ ನಾವು ಒಳಗೆ ಹೋಗುತ್ತೇವೆ.

ನಾವು ಐವರೂ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು, ಈಗ ಶಾಲೆಗಳಲ್ಲಿ ಪಾಠ ಮಾಡುವವರು. ಈಗ ಒಬ್ಬಳು ಸಿಂಧನೂರು, ಒಬ್ಬಳು ಮಾನ್ವಿ, ಉಳಿದ ಮೂವರು ರಾಯಚೂರಲ್ಲೇ. ಮದುವೆ, ಮುಂಜಿವೆಯಲ್ಲಿ ಸಿಗುತ್ತಿದ್ದೆವು, ಆದರೆ ಕೂತು ಮಾತಾಡಿದ್ದೇ ಇಲ್ಲ. ನಮ್ಮ ಕಡೆ ಹೈದರಾಬಾದ್ ಅಂದರೆ ದವಾಖಾನೆ, ಇಲ್ಲ ಅಂದರೆ ಮದುವೆ ಜವಳಿ. 1956ರ ತನಕ ನಾವೂ ಹೈದರಾಬಾದ್ ರಾಜ್ಯದಲ್ಲೇ ಇದ್ದವರು, ಆ ರೂಢಿ ಇನ್ನೂ ಹೋಗಿಲ್ಲ. ಹಾಗಾಗಿ ನಮ್ಮತ್ತೆ ಕೇಳಿದ್ದು ಸಹಜವೇ: "ಯಾರಿಗೆ ಆರಾಮಿಲ್ಲವ್ವಾ?" "ಎಲ್ಲರೂ ಆರಾಮ್ ಅದಾರತ್ತಿ, ಸುಮ್ನ ಹೊಂಟೀವಿ" ಅಂದೆ. ಸುಮ್ನೆ ಹೋಗುವುದೇ ನಮಗೆ ಬೇಕಾಗಿತ್ತು.

ಹಬ್ಬ ಗುರುವಾರ ಬಂದಿತ್ತು. ಮನೆಯಲ್ಲಿ ಹಬ್ಬ ಬಿಟ್ಟು ಹೋಗುವ ಮಾತೇ ಇರಲಿಲ್ಲ. ಗುರುವಾರ ಹೊಳೆ ಸ್ನಾನ, ಪೂಜೆ, ಊಟ ಎಲ್ಲ ಮುಗಿಸಿ, ಶನಿವಾರದ ಅರ್ಧ ದಿನದ ಶಾಲೆಗೆ ಸಿ.ಎಲ್. (ಸಾಂದರ್ಭಿಕ ರಜೆ) ಹಾಕಿದೆವು. ಹಬ್ಬದ್ದೇ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಹಿಂಡಿ ಕಟ್ಟಿಕೊಂಡೆವು. ಕಟಿ ರೊಟ್ಟಿ, ಅಂದರೆ ಒಣಗಿಸಿದ ಗಟ್ಟಿ ರೊಟ್ಟಿ, ಬೇಗ ಕೆಡುವುದಿಲ್ಲ, ಒಂದು ಹೊತ್ತಿನ ಊಟದ ಚಿಂತೆಯೂ ಇರುವುದಿಲ್ಲ.

ದುಡ್ಡಿನ ವಿಷಯ ಮೊದಲೇ ಮಾತಾಡಿಕೊಳ್ಳಿ. ನಾವು ಎಲ್ಲರೂ ಸಮ ಸಮ ಹಾಕಿ ಒಬ್ಬಳ ಕೈಗೆ ಕೊಟ್ಟೆವು. ಬಸ್ಸು, ರೂಮು, ಆಟೋ, ಚಹಾ, ಊಟ, ಟಿಕೆಟ್ ಎಲ್ಲ ಅದರಲ್ಲೇ. ಸೀರೆ, ಬಳೆ ಅವರವರ ಪರ್ಸಿನಿಂದ. ಮಾನ್ವಿಯ ಗೆಳತಿ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾ ಹೋದಳು, ಯಾರೂ ಯಾರಿಗೂ "ನೀ ಕೊಡು, ನಾ ಕೊಡ್ತೀನಿ" ಅನ್ನುವ ಪ್ರಸಂಗವೇ ಬರಲಿಲ್ಲ. ಗೆಳೆತನ ಕೆಡದಂತೆ ಇರಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ. ಇನ್ನೊಂದು, ರೂಮಿಗೆ ಪ್ರತಿಯೊಬ್ಬರ ಗುರುತಿನ ಚೀಟಿ ಕೇಳುತ್ತಾರೆ. ಒಬ್ಬರದ್ದು ತೋರಿಸಿದರೆ ನಡೆಯುವುದಿಲ್ಲ.

ಬೆಳಗಿನ ಜಾವದ ಬಸ್ಸಿಗೆ ಹತ್ತಿದರೆ ನಾಲ್ಕೈದು ತಾಸಿನಲ್ಲಿ ಮಹಾತ್ಮ ಗಾಂಧಿ ಬಸ್ ನಿಲ್ದಾಣ. ನಿಲ್ದಾಣಕ್ಕೆ ಅಂಟಿಕೊಂಡೇ ಮೆಟ್ರೋ ಇದೆ. ಅಲ್ಲಿಂದ ಮೂರನೇ ಸ್ಟೇಷನ್ ನಾಂಪಲ್ಲಿ. ರೂಮನ್ನು ಬೇಕಂತಲೇ ನಾಂಪಲ್ಲಿಯಲ್ಲಿ ಹಿಡಿದಿದ್ದೆವು. ರಾತ್ರಿ ನುಮಾಯಿಷ್ ಅನ್ನುವ ವಸ್ತು ಪ್ರದರ್ಶನ ನೋಡಿ ನಡೆದೇ ವಾಪಸ್ ಬರಬಹುದು ಅನ್ನುವ ಲೆಕ್ಕ. ಐದು ಹೆಂಗಸರು ಇರುವಾಗ ರಾತ್ರಿ ಆಟೋಗೆ ಕಾಯುವ ಕೆಲಸ ಇರಬಾರದು.

ಒಂದು ದಿನಕ್ಕೆ ಊರಿನ ಒಂದೇ ಮಗ್ಗುಲು ನೋಡುವುದು ನಮ್ಮ ನಿಯಮ. ಶನಿವಾರ ಪೂರ್ತಿ ಹಳೆ ಊರು. ಮೂಸಿ ನದಿ ದಾಟಿದ ತಕ್ಷಣ ಸಾಲಾರ್ ಜಂಗ್ ಮ್ಯೂಸಿಯಂ. ಶುಕ್ರವಾರ ಅದಕ್ಕೆ ರಜೆ, ಇದು ನೆನಪಿರಲಿ. ನಾವು ಮಧ್ಯಾಹ್ನ 12ಕ್ಕೆ ಮೊದಲೇ ಗಡಿಯಾರದ ಮುಂದೆ ಹೋಗಿ ಕೂತೆವು. ಅದರೊಳಗೆ ಒಬ್ಬ ಪುಟ್ಟ ಕಮ್ಮಾರ ಸೆಕೆಂಡಿಗೊಮ್ಮೆ ಸುತ್ತಿಗೆ ಹೊಡೆಯುತ್ತಲೇ ಇರುತ್ತಾನೆ. ಗಂಟೆ ಆಗುವ ಹೊತ್ತಿಗೆ ಗಡ್ಡದ ಬೊಂಬೆಯೊಂದು ಹೊರಗೆ ಬಂದು, ಎಷ್ಟು ಗಂಟೆಯೋ ಅಷ್ಟು ಸಲ ಬಾರಿಸಿ ಒಳಗೆ ಹೋಗುತ್ತದೆ. ಹನ್ನೆರಡಕ್ಕೆ ಹೋದರೆ ಹನ್ನೆರಡೂ ಏಟು ಕೇಳಬಹುದು, ಅದಕ್ಕೇ ಆ ಹೊತ್ತಿಗೆ ಜನ ಜಾಸ್ತಿ. ಆಮೇಲೆ ಮುಸುಕಿನ ರೆಬೆಕ್ಕಾ. ಇಟಲಿಯ ಬೆಂಜೋನಿ ಕೆತ್ತಿದ ಅಮೃತಶಿಲೆಯ ಮೂರ್ತಿ, 1876ರಲ್ಲಿ ಮೊದಲನೇ ಸಾಲಾರ್ ಜಂಗ್ ರೋಮ್‌ನಿಂದ ತಂದದ್ದು. ಕಲ್ಲಿನ ಮುಸುಕಿನ ಒಳಗಿಂದ ಕಲ್ಲಿನ ಮುಖ ಕಾಣುತ್ತದೆ! ಸಿಂಧನೂರಿನವಳು ಅದರ ಮುಂದಿನಿಂದ ಏಳಲೇ ಇಲ್ಲ. ನಾವೂ ಅವಸರ ಮಾಡಲಿಲ್ಲ. ಉಳಿದ ಕೋಣೆಗಳನ್ನೆಲ್ಲ ಓಡಿ ಓಡಿ ನೋಡುವುದಕ್ಕಿಂತ ಹೀಗೆ ಎರಡನ್ನು ಕಣ್ತುಂಬ ನೋಡುವುದು ಮೇಲು.

ಅಲ್ಲಿಂದ ಪತ್ಥರ್‌ಗಟ್ಟಿ ಹಾದು ಚಾರ್‌ಮಿನಾರ್‌ಗೆ ನಡೆದೇ ಹೋದೆವು. ಹಳೆ ಊರು ಮಾತ್ರ ಸಂಕ್ರಾಂತಿಗೂ ಖಾಲಿ ಆಗುವುದಿಲ್ಲ, ಅಲ್ಲಿಯವರು ಅಲ್ಲೇ ಇರುವವರು. 1591ರಿಂದ ನಿಂತಿರುವ ಚಾರ್‌ಮಿನಾರ್ ಕೆಳಗೆ ಇರಾನಿ ಚಹಾ, ಉಸ್ಮಾನಿಯಾ ಬಿಸ್ಕತ್ತು. ನಮ್ಮ ಊರಿನ ಉರ್ದುವಿಗೂ ಅಲ್ಲಿನ ಉರ್ದುವಿಗೂ ಅಂಥ ವ್ಯತ್ಯಾಸವಿಲ್ಲ, ಚೌಕಾಸಿಗೆ ಅದು ಚೆನ್ನಾಗಿ ಬರುತ್ತದೆ.

ಚಾರ್‌ಮಿನಾರ್ ಪಕ್ಕದ ಬಳೆ ಪೇಟೆ ಲಾಡ್ ಬಜಾರ್‌ಗೆ ಹೋಗುವ ಮೊದಲು ನಿಮ್ಮ ಬಳೆ ಅಳತೆ ಗೊತ್ತಿರಲಿ. ಎರಡು-ನಾಲ್ಕು ಅಂದರೆ ಎರಡು ಇಂಚು, ಮೇಲೆ ಹದಿನಾರರಲ್ಲಿ ನಾಲ್ಕು ಪಾಲು. ಎರಡು-ಆರು, ಎರಡು-ಎಂಟು ಹೀಗೆ. ಗಾಜಿನ ಬಳೆಯನ್ನು ಬಳೆಗಾರ ಕೈ ಹಿಚುಕಿ ಹೇಗೋ ಇಡುತ್ತಾನೆ. ಅರಗಿನ ಬಳೆ ಬಿಗಿಯಾದರೆ ಹಾಕಲಾಗದು. ಒಂದು ಅಂಗಡಿಯ ಒಳಗೆ ಕೆಲಸಗಾರ ಕೆಂಡದ ಮೇಲೆ ಅರಗು ಮೆತ್ತಗೆ ಮಾಡಿ, ಬಳೆ ಸುತ್ತಿ, ಬಿಸಿ ಆರುವ ಮೊದಲೇ ಒಂದೊಂದೇ ಹರಳು ಕೂರಿಸುತ್ತಿದ್ದ. ಬೆರಳ ತುದಿ ಸುಟ್ಟು ಗಟ್ಟಿಯಾಗಿತ್ತು. ಅದನ್ನು ನೋಡಿದ ಮೇಲೆ ಅವನ ಹತ್ತಿರ ಚೌಕಾಸಿ ಮಾಡಲು ನಮಗೆ ಮನಸ್ಸೇ ಬರಲಿಲ್ಲ. ಹೇಳಿದ ಬೆಲೆ ಕೊಟ್ಟೆವು.

ರಾತ್ರಿ ನುಮಾಯಿಷ್. 1938ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು ಶುರು ಮಾಡಿದ ವಸ್ತು ಪ್ರದರ್ಶನ ಇದು. ಸಾಮಾನ್ಯವಾಗಿ ಜನವರಿ 1ಕ್ಕೆ ಶುರುವಾಗಿ ಫೆಬ್ರವರಿ ಮಧ್ಯದ ತನಕ ಇರುತ್ತದೆ. ಬರುವ ಆದಾಯದಲ್ಲಿ ಶಾಲೆ ಕಾಲೇಜು ನಡೆಸುತ್ತಾರೆ, ಮೇಷ್ಟ್ರುಗಳಾದ ನಮಗೆ ಅದು ತುಂಬಾ ಹಿಡಿಸಿತು. ಕಾಶ್ಮೀರದ ಶಾಲು, ಲಖನೌ ಚಿಕನ್ ಕಸೂತಿ, ಒಣ ಹಣ್ಣು, ಉಪ್ಪಿನಕಾಯಿ, ಎಲ್ಲ ಒಂದೇ ಮೈದಾನದಲ್ಲಿ. ಗದ್ದಲದಲ್ಲಿ ಫೋನ್ ಕೇಳಿಸುವುದಿಲ್ಲ, ಹಾಗಾಗಿ ಒಳಗೆ ಹೋಗುವಾಗಲೇ "ತಪ್ಪಿಸಿಕೊಂಡರೆ ತೊಟ್ಟಿಲು ಜೋಕಾಲಿ ಹತ್ತಿರ ಬರ್ರಿ" ಅಂತ ಮಾತಾಗಿತ್ತು. ರೂಮಿಗೆ ಬಂದು ಹೋಳಿಗೆ ತಿನ್ನುತ್ತಾ ಎಷ್ಟೋ ಹೊತ್ತು ಮಾತಾಡಿದೆವು. ಇಬ್ಬರು ಅತ್ತರು, ಒಬ್ಬಳು ನಗಿಸಿದಳು.

ಭಾನುವಾರ ಬೆಳಗ್ಗೆ ಗೋಲ್ಕೊಂಡ. ಬಿಸಿಲು ಏರುವ ಮೊದಲೇ ಮೆಟ್ಟಿಲು ಹತ್ತಬೇಕು. ಒಳಬಾಗಿಲ ಗುಮ್ಮಟದ ಕೆಳಗೆ ಒಬ್ಬಳನ್ನು ನಿಲ್ಲಿಸಿ ನಾವು ಮೇಲೆ ಕೋಟೆಯ ತುದಿಯ ಬಾಲಾ ಹಿಸಾರ್‌ಗೆ ಹೋದೆವು. ಅವಳು ಚಪ್ಪಾಳೆ ತಟ್ಟಿದ್ದು ಅಲ್ಲಿ ತನಕ ಕೇಳಿಸಿತು! ಕೆಳಗೆ ಊರಿನ ಮೇಲೆಲ್ಲ ಗಾಳಿಪಟ. ಮೊದಲು ಇಲ್ಲಿ ಇದ್ದದ್ದು ಕಾಕತೀಯರ ಮಣ್ಣಿನ ಕೋಟೆ. ನಮ್ಮ ರಾಯಚೂರು ಕೋಟೆಯ 1294ರ ಶಾಸನವೂ ಕಾಕತೀಯರ ಕಾಲದ್ದೇ. ದಿನಾ ಅದರ ಪಕ್ಕದಲ್ಲೇ ಶಾಲೆಗೆ ಹೋಗುವ ನಾನು ಈಗ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಕಲ್ಲನ್ನು ತೋರಿಸಬೇಕು ಅಂದುಕೊಂಡಿದ್ದೇನೆ.

ವಾಪಸ್ ಬರುವುದು ಭಾನುವಾರ ಮಧ್ಯಾಹ್ನವೇ ಇರಲಿ. ಸಂಜೆಗೆ ಊರಿಗೆ ಹೋದವರೆಲ್ಲ ಹಿಂತಿರುಗುತ್ತಾರೆ, ಬಸ್ ನಿಲ್ದಾಣದ ಸುತ್ತ ಆಟೋ, ಕಾರು ಕಿಕ್ಕಿರಿಯುತ್ತವೆ. ನಾವು ಮೂರು ಗಂಟೆ ಬಸ್ಸಿಗೆ ಸೀಟು ಮೊದಲೇ ಹಿಡಿದಿದ್ದೆವು. ರಾತ್ರಿ ಊಟದ ಹೊತ್ತಿಗೆ ರಾಯಚೂರು. ಸಿಂಧನೂರು, ಮಾನ್ವಿಯವರು ಆ ರಾತ್ರಿ ನಮ್ಮ ಮನೆಯಲ್ಲೇ ಉಳಿದು, ಸೋಮವಾರ ಮೊದಲ ಬಸ್ಸಿಗೆ ಹೋಗಿ ಶಾಲೆ ಪ್ರಾರ್ಥನೆಗೆ ಸರಿಯಾಗಿ ಮುಟ್ಟಿದರು.